ಕುಲಕರ್ಣಿ, ಶಾನುಭೋಗ ಮತ್ತು ಶೆಲ್

ಹಳ್ಳಿಯ ಲೆಕ್ಕ ಬರೆಯುವವನಿಗೆ ನಮ್ಮ ಧಾರವಾಡದ ಕಡೆ ಕುಲಕರ್ಣಿ ಎನ್ನುತ್ತಿದ್ದರು, ಹಳೆಯ ಮೈಸೂರಿನಲ್ಲಿ ಶಾನುಭೋಗ. ಕೆಲಸ ಒಂದೇ, ಹೆಸರು ಬೇರೆ. 1956ರಲ್ಲಿ ಕನ್ನಡ ನಾಡು ಒಂದಾದಾಗ ಇಂಥ ಎಷ್ಟೋ ಮಾತುಗಳು ಒಂದೇ ಆಡಳಿತದೊಳಗೆ ಬಂದವು. ಯೂನಿಕ್ಸ್ ಲೋಕದಲ್ಲೂ ಇಂಥದೊಂದು ಏಕೀಕರಣ ನಡೆದಿದೆ. ಅದು ನನಗೆ ತಿಳಿದದ್ದು ಒಂದು ನಷ್ಟದಿಂದ.

ಶೆಲ್ ಎಂದರೆ ನಾವು ಟೈಪಿಸಿದ ಆದೇಶವನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ತಂತ್ರಾಂಶ. ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಶೆಲ್ ಸ್ಕ್ರಿಪ್ಟ್. ಸಂಶೋಧನೆಯ ಟಿಪ್ಪಣಿಗಳನ್ನು ನಕಲು ಮಾಡಲು ನಾನೊಂದು ಸ್ಕ್ರಿಪ್ಟ್ ಬರೆದಿದ್ದೆ: ಕಡತ ಆಗಲೇ ಅಲ್ಲಿದ್ದರೆ ಮುಟ್ಟಬೇಡ, ಇಲ್ಲದಿದ್ದರೆ ನಕಲಿಸು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿ ನಡೆಯಿತು. ಬೇರೊಂದು ಕಂಪ್ಯೂಟರಿನಲ್ಲಿ ನಡೆಸಿದಾಗ ಮಾತ್ರ ನಾನು ತಿದ್ದಿಟ್ಟಿದ್ದ ಟಿಪ್ಪಣಿಗಳ ಮೇಲೆ ಹಳೆಯ ಕರಡುಗಳು ಬಂದು ಕುಳಿತವು.

ಕಾರಣ ಹುಡುಕುತ್ತ ಹೋದರೆ ಅರ್ಧ ಶತಮಾನದ ಚರಿತ್ರೆಯೇ ತೆರೆದುಕೊಂಡಿತು. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ 1971ರಲ್ಲಿ ಮೊದಲ ಯೂನಿಕ್ಸ್ ಶೆಲ್ ಕೊಟ್ಟರು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು. ಅದೇ ಹೊತ್ತಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ 'ಸಿ ಶೆಲ್' ರೂಪಿಸಿದ್ದರು. ಚರಾಂಶಕ್ಕೆ ಬೆಲೆ ಕೊಡುವ ರೀತಿಯೂ ಇವೆರಡರಲ್ಲಿ ಬೇರೆ. ಡೇವಿಡ್ ಕಾರ್ನ್ ಅವರ ಶೆಲ್ 1983ರಲ್ಲಿ ಹೊರಬಂತು, ಬ್ರಯನ್ ಫಾಕ್ಸ್ ಬರೆದ 'ಬ್ಯಾಶ್' 1989ರಲ್ಲಿ. ಹೀಗೆ ಮನೆತನ ಬೆಳೆದಂತೆ ಮಾತೂ ಕವಲೊಡೆಯಿತು. 1992ರ ಪಾಸಿಕ್ಸ್ ಮಾನಕ, ಎಲ್ಲ ಶೆಲ್‌ಗಳೂ ಒಪ್ಪಬೇಕಾದ ಕನಿಷ್ಠ ವ್ಯಾಕರಣವನ್ನು ಗೊತ್ತುಮಾಡಿತು.

ನಾನು ಎಡವಿದ್ದು ಆ ಗಡಿಯಾಚೆ. ಷರತ್ತು ಬರೆಯಲು ಬಳಸಿದ್ದ ಜೋಡಿ ಚೌಕಾವರಣ '[[' ಕಾರ್ನ್ ಶೆಲ್‌ನಿಂದ ಬ್ಯಾಶ್‌ಗೆ ಬಂದದ್ದು, ಪಾಸಿಕ್ಸ್‌ನದಲ್ಲ. ಉಬುಂಟು 2006ರಿಂದ, ಬೇಗ ಚಾಲೂ ಆಗಲೆಂದು, 'ಎಸ್‌ಎಚ್' ಎಂಬ ಹೆಸರಿನ ಹಿಂದೆ ಬ್ಯಾಶ್ ಬದಲು ಹಗುರಾದ 'ಡ್ಯಾಶ್' ಇಟ್ಟಿದೆ. ಡ್ಯಾಶ್ ಆ ಆವರಣವನ್ನೇ ಒಂದು ಆದೇಶವೆಂದು ತಿಳಿದು ಹುಡುಕಿತು. ಸಿಗಲಿಲ್ಲವೆಂದು ಹೇಳಿತು, ಆದರೆ ನಿಲ್ಲಲಿಲ್ಲ. ಷರತ್ತು ಸುಳ್ಳೆಂದು ಲೆಕ್ಕ ಹಿಡಿದು, ಪ್ರತಿ ಕಡತವನ್ನೂ 'ಇಲ್ಲ' ಎಂದುಕೊಂಡು ಮೇಲೆಯೇ ಬರೆಯಿತು.

ತಪ್ಪು ಡ್ಯಾಶ್‌ನದಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ನಾನು 'ಎಸ್‌ಎಚ್' ಎಂದು ಬರೆದು, ಒಳಗೆ ಬ್ಯಾಶ್‌ನ ಮಾತಾಡಿದ್ದೆ. ಈಗ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆಯುತ್ತೇನೆ. ಇಲ್ಲವೇ ಒಂಟಿ ಆವರಣಕ್ಕೆ ಇಳಿದು, ಡ್ಯಾಶ್‌ನಲ್ಲೂ ಒಮ್ಮೆ ನಡೆಸಿ ನೋಡುತ್ತೇನೆ. ಕಳೆದ ತಿದ್ದುಪಡಿಗಳನ್ನು ಮಾತ್ರ ಮತ್ತೆ ಕೈಯಾರೆ ಮಾಡಬೇಕಾಯಿತು.