ವೈರ್ ಸ್ಟ್ರಿಪ್ಪರ್

ವೈರ್ ಸ್ಟ್ರಿಪ್ಪರ್ ಎಂದರೆ ವಿದ್ಯುತ್ ತಂತಿಯ ತುದಿಯಲ್ಲಿರುವ ನಿರೋಧಕ ಹೊದಿಕೆಯನ್ನು ಬೇಕಾದಷ್ಟೇ ಉದ್ದಕ್ಕೆ, ಒಳಗಿನ ಲೋಹಕ್ಕೆ ಗಾಯವಾಗದಂತೆ ತೆಗೆಯುವ ಕೈ ಉಪಕರಣ. ಕೆಲಸಗಾರರ ಬಾಯಲ್ಲಿ ಇದು ಬರೀ ‘ಸ್ಟ್ರಿಪ್ಪರ್’; ಇದರಿಂದ ಮಾಡುವ ಕೆಲಸ ‘ವೈರ್ ಸುಲಿಯುವುದು’. ಹೊದಿಕೆ ತೆಗೆಯುವುದಷ್ಟೇ ಆಗಿದ್ದರೆ ಚಾಕು, ಬ್ಲೇಡು, ಬೆಂಕಿಕಡ್ಡಿ, ಕೊನೆಗೆ ಹಲ್ಲು ಕೂಡ ಸಾಕಿತ್ತು. ತಾಮ್ರವನ್ನು ಮುಟ್ಟದೆ ತೆಗೆಯಬೇಕು ಎಂಬ ಕಟ್ಟಳೆಯಿಂದಲೇ ಬೇರೊಂದು ಉಪಕರಣ ಬೇಕಾಯಿತು. ಹಾಗಾಗಿ ಸ್ಟ್ರಿಪ್ಪರಿನ ಚರಿತ್ರೆ ಹೊದಿಕೆಯ ಚರಿತ್ರೆಯ ಬೆನ್ನು ಹಿಡಿದೇ ಬಂದಿದೆ. ರೇಷ್ಮೆ, ಹತ್ತಿ, ಗಟಪರ್ಚಾ, ರಬ್ಬರ್, ಪಿವಿಸಿ, ಟೆಫ್ಲಾನ್ ಎಂದು ತಂತಿ ಅಂಗಿ ಬದಲಿಸಿದಾಗಲೆಲ್ಲ ಅದನ್ನು ಬಿಚ್ಚುವ ಬಗೆಯೂ ಬದಲಾಗಿದೆ. ಒಳ್ಳೆಯ ಸ್ಟ್ರಿಪ್ಪರ್ ಯಾವುದು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ: ಕೈಯಲ್ಲಿರುವ ತಂತಿಗೆ ಯಾವ ಹೊದಿಕೆ, ಒಳಗೆ ಎಷ್ಟು ದಪ್ಪದ ಲೋಹ ಎಂಬುದನ್ನು ಮೊದಲು ನೋಡಬೇಕು.

ನೂಲು ಸುತ್ತಿದ ತಂತಿ

ವಿದ್ಯುತ್ತು ಕೆಲವು ವಸ್ತುಗಳಲ್ಲಿ ಹರಿಯುತ್ತದೆ, ಕೆಲವುಗಳಲ್ಲಿ ಹರಿಯುವುದಿಲ್ಲ ಎಂಬುದನ್ನು ಇಂಗ್ಲೆಂಡಿನ ಸ್ಟೀಫನ್ ಗ್ರೇ 1729ರಲ್ಲಿ ಕಂಡುಕೊಂಡ. ಉದ್ದನೆಯ ಸೆಣಬಿನ ದಾರದಲ್ಲಿ ವಿದ್ಯುತ್ತನ್ನು ಕಳಿಸಲು ಅವನು ಆ ದಾರವನ್ನು ರೇಷ್ಮೆ ಎಳೆಗಳಿಂದ ತೂಗುಹಾಕಿದ್ದ. ರೇಷ್ಮೆ ಭಾರ ತಾಳದೆ ಹರಿದಾಗ ಅದರ ಬದಲು ತೆಳುವಾದ ಹಿತ್ತಾಳೆ ತಂತಿ ಕಟ್ಟಿದ. ವಿದ್ಯುತ್ತು ಆ ತಂತಿಯ ಮೂಲಕ ಸೋರಿಹೋಯಿತು. ತಡೆಯುವ ಗುಣ ಎಳೆಯ ತೆಳುವಿನಲ್ಲಿಲ್ಲ, ವಸ್ತುವಿನಲ್ಲಿದೆ ಎಂಬುದು ಹೀಗೆ ಗೊತ್ತಾಯಿತು. ಸುಮಾರು ನೂರು ವರ್ಷಗಳ ನಂತರ ಅದೇ ರೇಷ್ಮೆ ತಂತಿಯ ಮೈಮೇಲೆ ಬಂತು. ವಿಲಿಯಂ ಸ್ಟರ್ಜನ್ 1825ರಲ್ಲಿ ಮಾಡಿದ ವಿದ್ಯುತ್ಕಾಂತದಲ್ಲಿ ತಂತಿ ಬೆತ್ತಲೆಯಾಗಿತ್ತು, ಕಬ್ಬಿಣಕ್ಕೆ ವಾರ್ನಿಷ್ ಬಳಿದಿತ್ತು. ಸುತ್ತುಗಳು ಒಂದಕ್ಕೊಂದು ತಾಗದಂತೆ ದೂರ ದೂರ ಸುತ್ತಬೇಕಾಗಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಸುತ್ತಿದ್ದರಿಂದ ಸುತ್ತಿನ ಮೇಲೆ ಸುತ್ತು ಹಾಕಲು ಸಾಧ್ಯವಾಗಿ, 1831ರ ಅವನ ಕಾಂತ 2000 ಪೌಂಡಿಗೂ ಹೆಚ್ಚು ಭಾರ ಎತ್ತಿತು. ಅದೇ ವರ್ಷ ಮೈಕೆಲ್ ಫ್ಯಾರಡೆ ವಿದ್ಯುತ್ಪ್ರೇರಣೆಯನ್ನು ತೋರಿಸಿದ ಕಬ್ಬಿಣದ ಬಳೆಯಲ್ಲಿ ತಾಮ್ರದ ಸುತ್ತುಗಳ ನಡುವೆ ಹುರಿದಾರವೂ ಹತ್ತಿಬಟ್ಟೆಯೂ ಇದ್ದವು.

ಈ ತಂತಿಗಳನ್ನು ಸುಲಿಯಲು ಉಪಕರಣವೇ ಬೇಡ. ಸುತ್ತಿದ ನೂಲನ್ನು ಬೆರಳಿನಿಂದ ಬಿಚ್ಚಿ, ತಾಮ್ರವನ್ನು ಉಜ್ಜಿ ಹೊಳೆಯಿಸಿದರೆ ಸಾಕು.

ಗಟಪರ್ಚಾ, ರಬ್ಬರ್ ಮತ್ತು ಚಾಕು

ಕಷ್ಟ ಶುರುವಾದದ್ದು ತಂತಿಗೆ ಅಂಟಿಕೊಳ್ಳುವ ಹೊದಿಕೆ ಬಂದಾಗ. ಮಲಯ ನಾಡಿನ ಮರದ ಹಾಲಿನಿಂದ ಬರುವ ಗಟಪರ್ಚಾದ ಮಾದರಿಗಳನ್ನು ವೈದ್ಯ ವಿಲಿಯಂ ಮಾಂಟ್‌ಗೊಮೆರಿ 1843ರಲ್ಲಿ ಸಿಂಗಪುರದಿಂದ ಲಂಡನ್ನಿಗೆ ತಲುಪಿಸಿದ. ಬಿಸಿನೀರಿನಲ್ಲಿ ಮೆತ್ತಗಾಗಿ, ತಣಿದಾಗ ಗಟ್ಟಿಯಾಗುವ ಈ ವಸ್ತುವನ್ನು ತಂತಿಯ ಸುತ್ತ ಸಂದಿಲ್ಲದಂತೆ ಒತ್ತಿ ಕೂರಿಸುವ ಯಂತ್ರವನ್ನು ವರ್ನರ್ ಸೀಮೆನ್ಸ್ 1847ರಲ್ಲಿ ರೂಪಿಸಿದ. 1850 ಮತ್ತು 1851ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ, 1858ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಇಳಿಸಿದ ಟೆಲಿಗ್ರಾಫ್ ಕೇಬಲ್‌ಗಳ ಒಳಮೈ ಇದೇ. ಇಂಥ ಕೇಬಲ್ಲಿಗೆ ಜೋಡಣೆ ಹಾಕುವವನ ಕೈಯಲ್ಲಿ ಇದ್ದದ್ದು ಚಾಕು ಮತ್ತು ಸ್ಪಿರಿಟ್ ದೀಪ. ಹೊದಿಕೆಯನ್ನು ಬಿಸಿ ಮಾಡಿ ಹಿಂದಕ್ಕೆ ಸರಿಸಿ, ತಾಮ್ರ ಕೆರೆದು ಬೆಸುಗೆ ಹಾಕಿ, ಮತ್ತೆ ಮೆತ್ತಬೇಕು. ನೆಲದ ಮೇಲಿನ ತಪ್ಪನ್ನು ಹೋಗಿ ಸರಿಮಾಡಬಹುದು. ಸಮುದ್ರದ ತಳಕ್ಕೆ ಹೋದ ತಪ್ಪು ಅಲ್ಲೇ ಉಳಿಯುತ್ತದೆ. ತಾಮ್ರಕ್ಕೆ ಕಚ್ಚು ಬೀಳಬಾರದು ಎಂಬ ಶಿಸ್ತಿನ ಬೆಲೆ ಏನೆಂದು ತೋರಿಸಿಕೊಟ್ಟ ಕೆಲಸ ಇದು.

ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ಗಂಧಕ ಬೆರೆಸಿದ ರಬ್ಬರ್, ಶತಮಾನದ ಕೊನೆಗೆ ಮನೆಯ ವೈರಿಂಗಿನಲ್ಲಿ ನೆಲೆಯೂರಿತು. ಗಂಧಕ ತಾಮ್ರವನ್ನು ಕಪ್ಪಾಗಿಸುವುದರಿಂದ ತಂತಿಗೆ ಮೊದಲೇ ತವರದ ಲೇಪ ಕೊಡುತ್ತಿದ್ದರು. ರಬ್ಬರಿನ ಮೇಲೆ ಹತ್ತಿಯ ಹೆಣಿಗೆ. ಹಳೆಯ ವೈರ್‌ಮನ್‌ಗಳು ಇದನ್ನು ಪೆನ್ಸಿಲ್ ಹೆರೆದಂತೆ ಓರೆಯಾಗಿ ಹೆರೆಯುತ್ತಿದ್ದರು. ಚಾಕುವನ್ನು ನೇರ ನಿಲ್ಲಿಸಿ ಸುತ್ತಲೂ ಕೊಯ್ದರೆ ತಾಮ್ರದ ಮೇಲೆ ಉಂಗುರದಂತೆ ಗೀರು ಬೀಳುತ್ತದೆ. ಆ ಗೀರೇ ಅಪಾಯದ ಮೂಲ. ತಂತಿ ಬಾಗುವಾಗ ಎಳೆತವೆಲ್ಲ ಗೀರಿನ ತಳದಲ್ಲೇ ಕೂಡಿಕೊಂಡು, ನಾಲ್ಕಾರು ಬಾರಿ ಮಡಿಸುವಷ್ಟರಲ್ಲಿ ಅಲ್ಲೇ ಮುರಿಯುತ್ತದೆ. ಪೂರ್ತಿ ಮುರಿದರೆ ದೀಪ ಆರುತ್ತದೆ, ಕಾರಣ ಸಿಗುತ್ತದೆ. ಅರ್ಧ ಮುರಿದು ತಾಗಿಯೂ ತಾಗದಂತೆ ನಿಂತಾಗ ಆ ಜಾಗ ಬಿಸಿಯೇರಿ, ಸುತ್ತಲಿನದನ್ನು ಸುಡುತ್ತದೆ.

ಇಕ್ಕಳದಿಂದ ಸ್ಟ್ರಿಪ್ಪರಿಗೆ

ಚಾಕುವಿನ ಜೊತೆಗಾರ ಕಟಿಂಗ್ ಪ್ಲೇಯರ್. ಅಮೆರಿಕದ ಕ್ಲೈನ್ ಸಂಸ್ಥೆ ತನ್ನ ಹುಟ್ಟಿನ ಕಥೆಯನ್ನು ಇಲ್ಲಿಂದಲೇ ಹೇಳಿಕೊಳ್ಳುತ್ತದೆ. 1857ರಲ್ಲಿ ಷಿಕಾಗೊದ ಕಮ್ಮಾರ ಮಥಿಯಾಸ್ ಕ್ಲೈನ್ ಬಳಿಗೆ ಟೆಲಿಗ್ರಾಫ್ ಕೆಲಸಗಾರನೊಬ್ಬ ಮುರಿದ ಇಕ್ಕಳ ತಂದ. ಕ್ಲೈನ್ ಮುರಿದ ಅರ್ಧವನ್ನು ಹೊಸದಾಗಿ ಬಡಿದುಕೊಟ್ಟ. ಕೆಲವು ದಿನಗಳಲ್ಲಿ ಉಳಿದರ್ಧವೂ ಮುರಿದು, ಅದನ್ನೂ ಮಾಡಿಕೊಟ್ಟಾಗ ಇಡೀ ಇಕ್ಕಳವೇ ಅವನದಾಯಿತು. ಜರ್ಮನಿಯ ಕ್ರೊನೆನ್‌ಬರ್ಗಿನಲ್ಲಿ 1882ರಲ್ಲಿ ಹುಟ್ಟಿದ ಕ್ನಿಪೆಕ್ಸ್ ಕೂಡ ಕಮ್ಮಾರಸಾಲೆಯಿಂದ ಬೆಳೆದದ್ದೇ. ಪಳಗಿದ ಕೈ ಕಟಿಂಗ್ ಪ್ಲೇಯರನ್ನು ಅರ್ಧ ಮುಚ್ಚಿ, ತಂತಿಯನ್ನು ಅದರೊಳಗೆ ತಿರುಗಿಸಿ, ಅಲಗು ತಾಮ್ರದ ಹತ್ತಿರ ಬಂದದ್ದನ್ನು ಹೆಬ್ಬೆರಳಿನಿಂದಲೇ ತಿಳಿದು ಎಳೆಯುತ್ತದೆ. ವರ್ಷಗಳ ಅಭ್ಯಾಸದಿಂದ ಬರುವ ಈ ಅಂದಾಜನ್ನು ಉಕ್ಕಿನಲ್ಲಿ ಕೊರೆದಿಟ್ಟದ್ದೇ ಸ್ಟ್ರಿಪ್ಪರ್.

ಮೊದಲ ಮಾದರಿ ಅತಿ ಸರಳ. ಎರಡು ಅಲಗು, ಎರಡರಲ್ಲೂ ವಿ ಆಕಾರದ ಕಚ್ಚು, ಎಷ್ಟು ಮುಚ್ಚಬೇಕೆಂದು ತಡೆಯುವ ಒಂದು ತಿರುಪು. ತಿರುಪನ್ನು ಪ್ರತಿ ತಂತಿಗೂ ಹೊಂದಿಸಬೇಕು. ಹೊಂದಿಸಲು ಮರೆತರೆ ಗೀರು. ಎರಡನೆಯದರಲ್ಲಿ ಒಂದೊಂದು ಗಾತ್ರಕ್ಕೆ ಒಂದೊಂದು ದುಂಡು ಕಣ್ಣು ಇರುತ್ತದೆ, ಹೊಂದಿಸುವ ಗೊಡವೆಯಿಲ್ಲ. ಮೂರನೆಯದು ಒಂದು ದವಡೆಯಿಂದ ತಂತಿಯನ್ನು ಹಿಡಿದು, ಇನ್ನೊಂದರಿಂದ ಹೊದಿಕೆ ಕತ್ತರಿಸಿ, ಹಿಡಿ ಒತ್ತಿದ ಒಂದೇ ಹೊಡೆತಕ್ಕೆ ಎರಡನ್ನೂ ಬೇರೆ ಮಾಡುತ್ತದೆ. ದಪ್ಪವನ್ನು ತಾನೇ ಕಂಡುಕೊಳ್ಳುವ ಮಾದರಿ ಇದರ ಮುಂದಿನ ರೂಪ. ದಿನಕ್ಕೆ ನೂರಾರು ತುದಿ ಸುಲಿಯುವ ಪ್ಯಾನೆಲ್ ಬೋರ್ಡ್ ಕೆಲಸಗಾರರ ಮಣಿಕಟ್ಟಿಗೆ ಇದು ದೊಡ್ಡ ಉಪಕಾರ.

ಈ ಸ್ವಯಂಚಾಲಿತ ಮಾದರಿಗಳು ನಡೆಯುವುದು ಹೊದಿಕೆ ಮೆತ್ತಗೆ, ಒಂದೇ ಸಮ ಇರುವುದರಿಂದ. ಆ ಗುಣ ತಂದುಕೊಟ್ಟದ್ದು ಪಿವಿಸಿ. ವಾಲ್ಡೊ ಸೆಮನ್ 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿ ಪಿವಿಸಿಯನ್ನು ಬಾಗುವಂತೆ ಮಾಡಿದ. ಎರಡನೆಯ ಮಹಾಯುದ್ಧದ ನಂತರ ಅದು ಮನೆಯ ವೈರಿಂಗಿನಿಂದ ರಬ್ಬರನ್ನು ಹೊರಗಟ್ಟಿತು. ಅಂಚಿನಲ್ಲಿ ಕತ್ತರಿಸಿ ಎಳೆದರೆ ಕೊಳವೆಯಂತೆ ಜಾರಿ ಬರುವ ಹೊದಿಕೆ ಅದು. ರಾಯ್ ಪ್ಲಂಕೆಟ್ 1938ರಲ್ಲಿ ಕಂಡುಹಿಡಿದ ಟೆಫ್ಲಾನ್ ಹಾಗಲ್ಲ. ಅದು ಜಾರುತ್ತದೆ, ದವಡೆಯ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೆಂದು ಕಾದ ಅಲಗಿನ ಸ್ಟ್ರಿಪ್ಪರ್ ಬಂತು. ಕಾಯಿಸಿದ ಟೆಫ್ಲಾನಿನ ಹೊಗೆ ಕೆಟ್ಟದ್ದಾದ್ದರಿಂದ ಗಾಳಿಯಾಡುವ ಜಾಗದಲ್ಲೇ ಕೆಲಸ. 1970ರ ದಶಕದಲ್ಲಿ ನಾಸಾ ಬಾಹ್ಯಾಕಾಶ ನೌಕೆಯ ತಂತಿಗಳಿಗಾಗಿ ಲೇಸರ್ ಕಿರಣದಿಂದ ಸುಲಿಯುವ ವಿಧಾನ ಬೆಳೆಸಿತು. ಕಿರಣ ಹೊದಿಕೆಯನ್ನು ಸುಡುತ್ತದೆ, ಲೋಹ ಅದನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಟೆಲಿಫೋನಿನವರು ಸುಲಿಯುವುದನ್ನೇ ಬಿಟ್ಟರು: 1962ರಲ್ಲಿ ಬೆಲ್ ವ್ಯವಸ್ಥೆಗೆ ಬಂದ 66 ಬ್ಲಾಕಿನಲ್ಲಿ ತಂತಿಯನ್ನು ಲೋಹದ ಸಂದಿಗೆ ಒತ್ತಿದರೆ ಸಂದಿಯ ಅಂಚೇ ಹೊದಿಕೆ ಸೀಳಿ ತಾಮ್ರವನ್ನು ಹಿಡಿಯುತ್ತದೆ. ಇಂದಿನ ಕಂಪ್ಯೂಟರ್ ನೆಟ್‌ವರ್ಕ್ ಸಾಕೆಟ್ಟುಗಳ ಒಳಗಿರುವುದೂ ಅದೇ ಉಪಾಯ.

ಗೇಜಿನ ಗೊಂದಲ

ಸ್ಟ್ರಿಪ್ಪರ್ ಕೊಳ್ಳುವ ಭಾರತೀಯನನ್ನು ಹೆಚ್ಚು ದಾರಿತಪ್ಪಿಸುವುದು ಕಣ್ಣುಗಳ ಪಕ್ಕದಲ್ಲಿ ಕೊರೆದ ಅಂಕಿಗಳು. ಅಮೆರಿಕದ ಗೇಜ್ 1857ರಿಂದ, ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್ 1884ರಿಂದ ಬಳಕೆಯಲ್ಲಿವೆ. ಎರಡರಲ್ಲೂ ಅಂಕಿ ಏರಿದಷ್ಟು ತಂತಿ ತೆಳು. ಆದರೆ ಒಂದರ 14 ಇನ್ನೊಂದರ 14 ಅಲ್ಲ: ಅಮೆರಿಕದ 14 ಎಂದರೆ 1.63 ಮಿ.ಮೀ. ವ್ಯಾಸ, ಬ್ರಿಟನ್ನಿನ 14 ಎಂದರೆ 2.03 ಮಿ.ಮೀ. ನಮ್ಮ ಹಳೆಯ ವೈರಿಂಗು ಬ್ರಿಟಿಷ್ ಲೆಕ್ಕದ್ದು. ಹಿರಿಯ ವೈರ್‌ಮನ್‌ಗಳು ಹೇಳುವ 3/20 ಎಂದರೆ 20 ಗೇಜಿನ ಮೂರು ಎಳೆ, 1/18 ಎಂದರೆ 18 ಗೇಜಿನ ಒಂದೇ ತಂತಿ. ಈಗಿನ ತಂತಿ ಚದರ ಮಿಲಿಮೀಟರಿನಲ್ಲಿ ಬರುತ್ತದೆ: ದೀಪ, ಫ್ಯಾನಿಗೆ 1 ಅಥವಾ 1.5, ಪವರ್ ಸಾಕೆಟ್ಟಿಗೆ 2.5 ಅಥವಾ 4. ಇಲ್ಲಿ ಅಂಕಿ ಏರಿದಷ್ಟು ತಂತಿ ದಪ್ಪ.

ಅಮೆರಿಕದ ಗುರುತಿನ ಸ್ಟ್ರಿಪ್ಪರಿನಲ್ಲಿ ನಮ್ಮ 1.5ಕ್ಕೆ ಸರಿಯಾದ ಅಂಕಿಯೇ ಇಲ್ಲ. ಅವರ 16 ಎಂದರೆ 1.31 ಚದರ ಮಿ.ಮೀ., 14 ಎಂದರೆ 2.08. ಸಾಲದ್ದಕ್ಕೆ ನಮ್ಮ 1.5ರ ತಂತಿಯಲ್ಲಿ ಸಾಮಾನ್ಯವಾಗಿ 0.3 ಮಿ.ಮೀ.ನ 22 ಎಳೆಗಳಿರುತ್ತವೆ. ಎಳೆಗಳ ನಡುವೆ ಸಂದಿ ಇರುವುದರಿಂದ ಅಷ್ಟೇ ಲೋಹದ ಒಂಟಿ ತಂತಿಗಿಂತ ಆ ಕಟ್ಟು ದಪ್ಪ. ಅದಕ್ಕೇ ಒಳ್ಳೆಯ ಸ್ಟ್ರಿಪ್ಪರಿನ ಒಂದೇ ಕಣ್ಣಿಗೆ ಒಂಟಿ ತಂತಿಗೊಂದು, ಎಳೆ ತಂತಿಗೊಂದು ಎಂದು ಎರಡು ಅಂಕಿ ಬರೆದಿರುತ್ತಾರೆ. ಚಿಕ್ಕ ಕಣ್ಣಿನಲ್ಲಿ ಇಟ್ಟರೆ ಹೊರಸುತ್ತಿನ ಎಳೆಗಳು ಕತ್ತರಿಸಿ ಹೋಗುತ್ತವೆ, ದೊಡ್ಡದರಲ್ಲಿ ಇಟ್ಟರೆ ಹೊದಿಕೆ ಜಗ್ಗಿ ಹರಿಯುತ್ತದೆ. ಅನುಮಾನವಿದ್ದಾಗ ದೊಡ್ಡ ಕಣ್ಣಿನಿಂದ ಶುರುಮಾಡುವುದೇ ಸರಿ. ಹರಿದ ಹೊದಿಕೆ ಕಣ್ಣಿಗೆ ಕಾಣುತ್ತದೆ. ಗೀರು ಬಿದ್ದ ತಾಮ್ರ ಸ್ವಿಚ್‌ಬೋರ್ಡಿನ ಹಿಂದೆ ಅಡಗಿಬಿಡುತ್ತದೆ.

ಭಾರತದಲ್ಲಿ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದದ್ದು ಕಂಬದ ಮೇಲಿನ ಬೆತ್ತಲೆ ತಂತಿಯಲ್ಲಿ. ಹೊದಿಕೆಯ ತಂತಿ ಬೇಕಾದದ್ದು ಮನೆಯೊಳಗೆ. ತೇಗದ ಪಟ್ಟಿಗೆ ತಗಡಿನ ಕ್ಲಿಪ್ಪಿನಿಂದ ಬಿಗಿದ ಬ್ಯಾಟನ್ ವೈರಿಂಗು ಹಳೆಯ ಮನೆಗಳಲ್ಲಿ ಇನ್ನೂ ಕಾಣಸಿಗುತ್ತದೆ. ಅಲ್ಲಿನ ರಬ್ಬರು ವಯಸ್ಸಾಗಿ ಹಪ್ಪಳದಂತಾಗಿರುತ್ತದೆ. ಯಾವ ಸ್ಟ್ರಿಪ್ಪರೂ ಅದನ್ನು ಅಂದವಾಗಿ ಸುಲಿಯಲಾರದು, ಮುಟ್ಟಿದಲ್ಲೆಲ್ಲ ಉದುರುತ್ತದೆ. ಅಂಥ ತಂತಿಯನ್ನು ಸುಲಿಯಬಾರದು, ಬದಲಿಸಬೇಕು. ತಾಮ್ರದ ಕೊರತೆಯ ದಶಕಗಳಲ್ಲಿ ನಮ್ಮ ಮನೆಗಳಿಗೆ ಬಂದ ಒಂಟಿ ಅಲ್ಯೂಮಿನಿಯಂ ತಂತಿ ಇನ್ನೂ ನಾಜೂಕು. ಸಣ್ಣ ಗೀರು ಬಿದ್ದರೂ ಎರಡು ಸಲ ಬಾಗಿಸುವಷ್ಟರಲ್ಲಿ ತುಂಡಾಗಿ, ಗೋಡೆಯಿಂದ ಹೊರಗಿರುವ ಗೇಣುದ್ದವೂ ಮುಗಿದುಹೋಗುತ್ತದೆ. ಚಾಕುವಿನ ವೈರಿಂಗು ಏಕೆ ಸಾಲದು ಎಂಬುದನ್ನು ಇಲ್ಲಿ ಅನೇಕರು ಕಲಿತದ್ದು ಆ ತಂತಿಯಿಂದ.

ಸ್ವೀಡನ್ನಿನ ಬಾಹ್ಕೊ ಕಂಪನಿಯ ತಾಂತ್ರಿಕ ನೆರವಿನಿಂದ ನಾಸಿಕದಲ್ಲಿ 1969ರಲ್ಲಿ ಕೈ ಉಪಕರಣಗಳ ತಯಾರಿಕೆಗಿಳಿದ ಟಪಾರಿಯಾದ ಹೆಸರು ದೇಶದ ಬಹುತೇಕ ಟೂಲ್ ಬ್ಯಾಗ್‌ಗಳಲ್ಲಿ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗದ ತಿರುಪಿನ ಮಾದರಿಯಿಂದ ಜರ್ಮನ್ ಸ್ಟ್ರಿಪ್ಪರಿನವರೆಗೆ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಆದರೂ ಹಲ್ಲಿನಿಂದ ಕಚ್ಚಿ ಎಳೆಯುವ, ಬೆಂಕಿಕಡ್ಡಿಯಿಂದ ಸುಡುವ ಅಭ್ಯಾಸ ಹೋಗಿಲ್ಲ. ಸುಟ್ಟ ಪಿವಿಸಿಯಿಂದ ಹೈಡ್ರೊಜನ್ ಕ್ಲೋರೈಡ್ ಹೊರಡುತ್ತದೆ. ಉಸಿರಿಗೂ ಕೆಟ್ಟದ್ದು, ತಾಮ್ರವನ್ನೂ ತಿನ್ನುತ್ತದೆ.

ಆಯ್ಕೆ

ಮನೆಯ ವೈರಿಂಗಿಗೆ ಗಾತ್ರಕ್ಕೊಂದು ಕಣ್ಣಿರುವ, ಮಿಲಿಮೀಟರ್ ಗುರುತಿನ ಸ್ಟ್ರಿಪ್ಪರ್ ಎಲ್ಲಕ್ಕಿಂತ ನಂಬಿಕಸ್ಥ. ತಾನೇ ಹೊಂದಿಕೊಳ್ಳುವ ಮಾದರಿ ವೇಗದ್ದು. ಆದರೆ ತೀರ ತೆಳುವಾದ ತಂತಿಯಲ್ಲೂ ಗಟ್ಟಿ ಹೊದಿಕೆಯಲ್ಲೂ ಅದು ಎಡವುತ್ತದೆ. ತಿರುಪಿನ ಮಾದರಿ ಒಂದೇ ಗಾತ್ರದ ತಂತಿಯನ್ನು ದಿನವಿಡೀ ಸುಲಿಯುವವರಿಗೆ ಸರಿ. ಮೂರು ತಂತಿಯ ಕೇಬಲ್ಲಿನ ಹೊರ ಕವಚ ಸೀಳುವುದು ಬೇರೆಯದೇ ಕೆಲಸ, ಅದಕ್ಕೆ ಕೇಬಲ್ ಚಾಕು ಬೇರೆ ಬೇಕು. ಎನಾಮಲ್ ಲೇಪದ ಮೋಟಾರು ತಂತಿಗೆ ಇವಾವುವೂ ಅಲ್ಲ. ಅದನ್ನು ಕೆರೆದೋ ಉಪ್ಪುಕಾಗದದಿಂದ ಉಜ್ಜಿಯೋ ತೆಗೆಯುತ್ತಾರೆ.

ಅಂಗಡಿಯಲ್ಲಿ ಉಪಕರಣವನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಎರಡು ಅಲಗಿನ ಅರ್ಧವೃತ್ತಗಳು ಕೂಡಿ ಪೂರ್ಣ ದುಂಡಾಗಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಅದನ್ನು ಕೊಳ್ಳಬಾರದು. ಕೀಲು ಅಲುಗಬಾರದು. ಹಿಡಿಯ ಮೇಲಿನ ಪ್ಲಾಸ್ಟಿಕ್ ತೊಡಿಗೆ ಶಾಕಿನಿಂದ ಕಾಪಾಡುತ್ತದೆಂದು ನಂಬುವಂತಿಲ್ಲ. ಜೋಡಿ ತ್ರಿಕೋನದ ಚಿಹ್ನೆ ಮತ್ತು 1000 ವೋಲ್ಟ್ ಗುರುತು ಇದ್ದರೆ ಮಾತ್ರ ಅದು ಪರೀಕ್ಷೆಗೆ ಒಳಪಟ್ಟ ನಿರೋಧಕ ಹಿಡಿ. ಅದಿದ್ದರೂ ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ತಂತಿಗೆ ಕೈ ಹಾಕಬೇಕು. ಕೊಳ್ಳುವ ಮುಂಚೆ ತಂತಿಯ ಚೂರೊಂದನ್ನು ಜೊತೆಗೆ ಒಯ್ದು ಸುಲಿದು ನೋಡುವುದು ಉತ್ತಮ. ಕತ್ತರಿಸಿದ ಅಂಚು ನೇರವಾಗಿದೆಯೇ, ಉದುರಿದ ಹೊದಿಕೆಯ ಒಳಗೆ ತಾಮ್ರದ ಎಳೆ ಸಿಕ್ಕಿಕೊಂಡಿದೆಯೇ, ಬೆತ್ತಲಾದ ತುದಿಯನ್ನು ಹೊದಿಕೆಯ ಅಂಚಿನಲ್ಲೇ ನಾಲ್ಕೈದು ಸಲ ಹಿಂದೆ ಮುಂದೆ ಬಾಗಿಸಿದರೆ ಎಲ್ಲ ಎಳೆಗಳೂ ಉಳಿಯುತ್ತವೆಯೇ ಎಂದು ಎಣಿಸಬೇಕು. 22 ಇದ್ದದ್ದು 22 ಇರಬೇಕು.