ರೇಷ್ಮೆ ಕಾಗದ, ನೀಲಿ ಕುದುರೆ

ಜರ್ಮನಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರ ಮನೆಗಳಲ್ಲಿ 'ರೌಪೆ ನಿಮ್ಮರ್‌ಝಾಟ್' ಕಥೆ ಕೇಳದವರು ಕಡಿಮೆ. ಹಾಳೆಗಳಿಗೆ ತೂತು ಕೊರೆದುಕೊಂಡು ಸಾಗುವ ಆ ಹೊಟ್ಟೆಬಾಕ ಕಂಬಳಿಹುಳು ಹುಟ್ಟಿದ್ದು 1969ರಲ್ಲಿ. ಅದರ ಕರ್ತೃ ಎರಿಕ್ ಕಾರ್ಲ್ ಅಮೆರಿಕದವನೆಂದೇ ನಮ್ಮಲ್ಲಿ ಹಲವರ ತಿಳುವಳಿಕೆ. ಹುಟ್ಟಿದ್ದೇನೋ ಅಲ್ಲೇ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ, 1929ರಲ್ಲಿ. ಆದರೆ ತಂದೆತಾಯಿ ಜರ್ಮನರು. ತಾಯಿಗೆ ತವರಿನ ಹಂಬಲ. 1935ರಲ್ಲಿ ಆರು ವರ್ಷದ ಮಗನೊಂದಿಗೆ ಸ್ಟುಟ್‌ಗಾರ್ಟ್‌ಗೆ ಮರಳಿಬಿಟ್ಟರು! ಊರಿಗೆ ವಾಪಸ್ಸು ಹೋಗೋಣವೇ ಬೇಡವೇ ಎಂದು ವರ್ಷಗಟ್ಟಲೆ ಲೆಕ್ಕ ಹಾಕುವ ನಮಗೆ, ಅವರು ಆರಿಸಿಕೊಂಡ ವರ್ಷ ನೋಡಿದರೆ ಎದೆ ಝಲ್ಲೆನ್ನುತ್ತದೆ. 1939ರಲ್ಲಿ ಸೈನ್ಯಕ್ಕೆ ಹೋದ ತಂದೆ, ರಷ್ಯಾದ ಸೆರೆಯಿಂದ ಬಿಡುಗಡೆಯಾಗಿ ಮನೆ ಸೇರಿದ್ದು 1947ರ ಕೊನೆಗೆ.

ಆ ಕಾಲದಲ್ಲಿ ಬಣ್ಣಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. 1937ರ ಜುಲೈ 19ರಂದು ನಾಜಿಗಳು ಮ್ಯೂನಿಕ್‌ನಲ್ಲಿ 'ಅವನತ ಕಲೆ' ಎಂಬ ಪ್ರದರ್ಶನ ತೆರೆದರು. ಜನ ನೋಡಿ ನಗಲಿ ಎಂಬುದೇ ಉದ್ದೇಶ. ಹ್ಯಾನೋವರ್‌ನ ಕುರ್ಟ್ ಶ್ವಿಟ್ಟರ್ಸ್ ಚಿಂದಿ ಕಾಗದ, ಟಿಕೆಟ್ಟುಗಳನ್ನು ಅಂಟಿಸಿ ಚಿತ್ರ ಮಾಡುತ್ತಿದ್ದವನು. ಅವನ ಕೆಲಸವೂ ಅಲ್ಲಿತ್ತು. ಫ್ರಾಂಜ್ ಮಾರ್ಕ್‌ನ 'ನೀಲಿ ಕುದುರೆಗಳ ಗೋಪುರ'ವೂ ಇತ್ತು. ಮಾರ್ಕ್ 1916ರಲ್ಲಿ ವರ್ಡನ್‌ನಲ್ಲಿ ಜರ್ಮನಿಗಾಗಿಯೇ ಹೋರಾಡಿ ಸತ್ತವನು. ಮಾಜಿ ಸೇನಾಧಿಕಾರಿಗಳು ಪ್ರತಿಭಟಿಸಿದ ಮೇಲೆ ಆ ಚಿತ್ರವನ್ನು ಪ್ರದರ್ಶನದಿಂದ ತೆಗೆದರು.

ಕಾರ್ಲ್ ಹನ್ನೆರಡು-ಹದಿಮೂರರ ಹುಡುಗನಾಗಿದ್ದಾಗ ಶಾಲೆಯ ಚಿತ್ರಕಲಾ ಮೇಷ್ಟ್ರು ಫ್ರಿಡೋಲಿನ್ ಕ್ರೌಸ್ ಅವನನ್ನು ಮನೆಗೆ ಕರೆದು, ಬಚ್ಚಿಟ್ಟಿದ್ದ ಮುದ್ರಿತ ಚಿತ್ರಗಳನ್ನು ತೋರಿಸಿದರು: ಪಿಕಾಸೊ, ಮತೀಸ್, ಕ್ಲೇ, ಮಾರ್ಕ್. ಯಾರಿಗೂ ಹೇಳಬೇಡವೆಂದರು. ಹುಡುಗ ಬಾಯಿಬಿಟ್ಟಿದ್ದರೆ ಮೇಷ್ಟ್ರ ಗತಿ? ಕುದುರೆ ನೀಲಿಯಾಗಿರಬಹುದು ಎಂಬುದನ್ನು ಕಲಿಸಲು ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಂಡ ಮೇಷ್ಟ್ರ ಬಗ್ಗೆ ನಮಗೆ ತಿಳಿದದ್ದು ಬಹಳ ಕಡಿಮೆ.

ಯುದ್ಧ ಮುಗಿದ ಮೇಲೆ ಸ್ಟುಟ್‌ಗಾರ್ಟ್‌ನ ಕಲಾ ಅಕಾಡೆಮಿಯಲ್ಲಿ ಓದು. 1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಪಯಣ, ಜಾಹೀರಾತಿನ ಕೆಲಸ. ಒಂದು ಜಾಹೀರಾತಿಗೆ ಕಾಗದ ಕತ್ತರಿಸಿ ಅಂಟಿಸಿದ್ದ ಕೆಂಪು ನಳ್ಳಿಯನ್ನು ನೋಡಿ ಲೇಖಕ ಬಿಲ್ ಮಾರ್ಟಿನ್ ಜೂನಿಯರ್ ತನ್ನ ಪುಸ್ತಕಕ್ಕೆ ಚಿತ್ರ ಕೇಳಿದ. 1967ರ ಆ ಪುಸ್ತಕದಲ್ಲೂ ಒಂದು ನೀಲಿ ಕುದುರೆ ಇದೆ, ಗಮನಿಸಿ.

ಇನ್ನು ಅವನ ವಿಧಾನ. ಟಿಶ್ಯೂ ಪೇಪರಿಗೆ ಜರ್ಮನ್ನರು ಇಟ್ಟ ಹೆಸರು 'ಜೈಡನ್‌ಪಪೀರ್', ಅಂದರೆ ರೇಷ್ಮೆ ಕಾಗದ. ನಮ್ಮೂರಿನ ಗಾಳಿಪಟದ ಕಾಗದಕ್ಕಿಂತಲೂ ತೆಳು. ಅಂಗಡಿಯ ಬಣ್ಣದ ಹಾಳೆಗಳು ಬಿಸಿಲಿಗೆ ಮಾಸುತ್ತವೆ. ಅದಕ್ಕೇ ಕಾರ್ಲ್ ಬಿಳಿ ಹಾಳೆ ತಂದು ತಾನೇ ಅಕ್ರಿಲಿಕ್ ಬಣ್ಣ ಬಳಿಯುತ್ತಿದ್ದ. ಕುಂಚ ಮಾತ್ರವಲ್ಲ, ಬೆರಳು, ಸ್ಪಂಜು, ರತ್ನಗಂಬಳಿಯ ತುಂಡು, ಎಲ್ಲವೂ ಆಗುತ್ತಿತ್ತು. ಒಂದು ಬಣ್ಣ ಒಣಗಿದ ಮೇಲೆ ಅದರ ಮೇಲೆ ಇನ್ನೊಂದರ ಗೀರು, ಚುಕ್ಕೆ, ಅಲೆ. ಒಣಗಿದ ಹಾಳೆಗಳು ಬಣ್ಣವಾರು ಡ್ರಾಯರ್‌ಗಳಿಗೆ ಹೋಗುತ್ತಿದ್ದವು. ಹಾಳೆ ಮುಂದೆ ಎಲೆಯಾಗುತ್ತದೋ ಕಪ್ಪೆಯಾಗುತ್ತದೋ ಬಳಿಯುವಾಗ ಗೊತ್ತಿರಬೇಕಿಲ್ಲ. (ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದೊಂದು ಲೈಬ್ರರಿ. ಮೊದಲೇ ಬರೆದಿಟ್ಟರೆ ಬೇಕಾದಾಗ ಕರೆದುಕೊಳ್ಳಬಹುದು!) ಪುಸ್ತಕ ಮಾಡುವಾಗ ನಕ್ಷೆ ಬರೆದು, ಡ್ರಾಯರ್‌ನಿಂದ ಹಾಳೆ ಆರಿಸಿ, ಚೂಪು ಬ್ಲೇಡಿನಿಂದ ಕತ್ತರಿಸಿ, ಗೋಡೆಗೆ ವಾಲ್‌ಪೇಪರ್ ಅಂಟಿಸುವ ಗೋಂದಿನಿಂದ ದಪ್ಪ ರಟ್ಟಿಗೆ ಅಂಟಿಸುವುದು. ಕಾಗದ ತೆಳುವಾದ್ದರಿಂದ ಹಸಿರಿನ ಮೇಲೆ ಹಳದಿ ಕೂತರೆ ಅಡಿಯ ಹಸಿರು ಇಣುಕುತ್ತದೆ. ಕೊನೆಗೆ ಮೀಸೆಗೋ ಕೂದಲಿಗೋ ಒಂದೆರಡು ಕ್ರೆಯಾನ್ ಗೆರೆ.

2011ರಲ್ಲಿ, ಎಂಬತ್ತು ದಾಟಿದ ಕಾರ್ಲ್ 'ನೀಲಿ ಕುದುರೆ ಬರೆದ ಕಲಾವಿದ' ಎಂಬರ್ಥದ ಹೆಸರಿಟ್ಟು ಮಾರ್ಕ್‌ನನ್ನು ನೆನೆದು ಒಂದು ಪುಸ್ತಕ ಮಾಡಿದ. ಅದರಲ್ಲಿ ಕೆಂಪು ಮೊಸಳೆ, ಹಳದಿ ಹಸು, ಕಪ್ಪು ಹಿಮಕರಡಿ ಎಲ್ಲ ಇವೆ. ಅವನು ತೀರಿಕೊಂಡದ್ದು 2021ರ ಮೇ 23ರಂದು. ಮಾರ್ಕ್‌ನ 'ನೀಲಿ ಕುದುರೆಗಳ ಗೋಪುರ' ಮಾತ್ರ ಯುದ್ಧದ ಕೊನೆಯಲ್ಲಿ ಕಾಣೆಯಾದದ್ದು ಇನ್ನೂ ಸಿಕ್ಕಿಲ್ಲ.