ಹನ್ನೊಂದು ಎಸಳಿನ ಹೂವು

ಯುದ್ಧದ ನೆನಪನ್ನು ಉಡುಪಿಗೆ ತಂದಿದ್ದೀವಿ ಅಂತ ಯಾರಾದರೂ ವಿನ್ಯಾಸಕರು ಹೇಳಿದರೆ ನನಗೆ ಮೊದಲು ಬರೋದು ಅನುಮಾನ. ಮಿಲಿಟರಿ ಹಸಿರು, ಹರಿದ ಅಂಚು, ಹಿತ್ತಾಳೆ ಗುಂಡಿ, ಅಲ್ಲಿಗೆ ಮುಗೀತು. ಬೋಸ್ನಿಯಾದ ಕಥೆ ಮಾತ್ರ ಬೇರೆ. ಅಲ್ಲಿ ಈ ಕೆಲಸ ಶುರುವಾಗಿದ್ದು ನಿರಾಶ್ರಿತ ಹೆಂಗಸರ ಕೈಯಲ್ಲಿ.

1992ರಿಂದ 1995ರವರೆಗಿನ ಯುದ್ಧದಲ್ಲಿ ಪೂರ್ವ ಬೋಸ್ನಿಯಾದ ಹಳ್ಳಿಗಳಿಂದ ಓಡಿಬಂದವರು ತುಜ್ಲಾ ನಗರ ಸೇರಿದರು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದ ಹೆಂಗಸರೂ ಬಂದರು. ಅವರ ಗಂಡಂದಿರು, ಬೆಳೆದ ಗಂಡುಮಕ್ಕಳು ಬರಲಿಲ್ಲ. ಮನೆ, ಹೊಲ, ದನ ಎಲ್ಲ ಹೋಗಿ, ಉಳಿದಿದ್ದು ಕೈಗೆ ಗೊತ್ತಿದ್ದ ಹೆಣಿಗೆ, ನೇಯ್ಗೆ. ತುಜ್ಲಾದ ಬೋಸ್ಫಾಮ್ ಸಂಸ್ಥೆಯಲ್ಲಿ ಅವರು ಕೂತು ಸ್ವೆಟರ್ ಹೆಣೆದರು, ಕಿಲಿಮ್ ಜಮಖಾನೆ ನೇಯ್ದರು. ಮುಂದೆ ಅದೇ ಕಿಲಿಮ್ ನೇಯ್ಗೆಯ ಚೌಕಗಳಲ್ಲಿ ಸತ್ತವರ ಹೆಸರು ನೇಯ್ದು, ಜೋಡಿಸಿ, ಒಂದು ಸ್ಮಾರಕ ಕೌದಿ ಮಾಡಿದರು. ಸ್ವೆಟರ್ ಹೊಟ್ಟೆಪಾಡಿಗೆ. ಕೌದಿ ಮಾರೋಕಲ್ಲ.

ನನ್ನನ್ನು ಹೆಚ್ಚು ಕಾಡೋದು ಇನ್ನೊಂದು ಸಂಗತಿ. ಕೊಂದವರು ಸಾಮೂಹಿಕ ಗೋರಿಗಳನ್ನು ಬುಲ್ಡೋಜರಿನಿಂದ ಅಗೆದು, ಶವಗಳನ್ನು ಬೇರೆ ಬೇರೆ ಕಡೆ ಹೂತಿದ್ದರು. 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗುರುತು ಹಿಡಿಯೋದು ಶುರುವಾಗುವ ಮೊದಲು ಬಹಳಷ್ಟು ಸಲ ಬಟ್ಟೆಯೇ ಆಧಾರ. ರೆಡ್ ಕ್ರಾಸ್‌ನವರು ಶವಗಳ ಜೊತೆ ಸಿಕ್ಕ ಬಟ್ಟೆಬರೆಯ ಫೋಟೊಗಳನ್ನು ಪುಸ್ತಕ ಮಾಡಿ ಮನೆಯವರ ಮುಂದಿಟ್ಟರು. ಫ್ಯಾಕ್ಟರಿಯ ಅಂಗಿ ಸಾವಿರ ಜನರದ್ದು ಒಂದೇ ಥರ ಇರುತ್ತೆ. ಆದರೆ ತಾನೇ ಹೆಣೆದ ಸ್ವೆಟರು, ಮೊಣಕಾಲಿಗೆ ತಾನೇ ಹಾಕಿದ ತೇಪೆ? ತಾಯಿಗೆ ಅದು ಸಹಿ ಇದ್ದ ಹಾಗೆ. ಇದು ಗೊತ್ತಾದ ಮೇಲೆ, ಇಂಥ ಹೆಣಿಗೆಯನ್ನು ಬರೀ 'ಸಾಂಪ್ರದಾಯಿಕ ವಿನ್ಯಾಸ' ಅಂತ ಎತ್ತಿಕೊಂಡು ಹೆಣೆದವಳ ಹೆಸರು ಬಿಟ್ಟುಬಿಡೋದು ನನಗಂತೂ ಸರಿ ಕಾಣಲ್ಲ.

ಅದಕ್ಕೇ ನನಗೆ ಸ್ರೆಬ್ರೆನಿತ್ಸಾ ಹೂವು ಇಷ್ಟ. ಬಿಳಿ ದಾರದಲ್ಲಿ ಕ್ರೋಶಾ ಹಾಕಿದ ಪುಟ್ಟ ಹೂವು ಅದು, ಎದೆಗೆ ಚುಚ್ಚಿಕೊಳ್ಳೋದು. ಎಸಳು ಹನ್ನೊಂದು, ಜುಲೈ 11ರ ಲೆಕ್ಕ. ಬಿಳಿ ಅಂದ್ರೆ ನಿರಪರಾಧಿಗಳು, ನಡುವಿನ ಹಸಿರು ಅಂದ್ರೆ ಭರವಸೆ ಅಂತಾರೆ. ಪೊಟೊಚಾರಿಯ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ 8,372. ಹೊಸದಾಗಿ ಗುರುತು ಸಿಕ್ಕವರನ್ನು ಪ್ರತಿ ಜುಲೈ 11ಕ್ಕೆ ಅಲ್ಲೇ ಮಣ್ಣು ಮಾಡ್ತಾರೆ. ಆ ಶವಪೆಟ್ಟಿಗೆಗಳಿಗೆ ಹೊದಿಸುವ ಬಟ್ಟೆಯೂ ಹಸಿರೇ.